ಗೂಢಚಾರ ನಗಿಸಬೇಕಾದರೆ

ಕನ್ನಡ ತೆರೆಯ ಗೂಢಚಾರರಿಗೆ ಸಿಕ್ಕ ನಂಬರುಗಳಲ್ಲಿ ಎರಡು ಜನರ ನಾಲಗೆಯ ಮೇಲೆ ಉಳಿದಿವೆ. ಒಂದು, 1968ರ ‘ಜೇಡರ ಬಲೆ’ಯಲ್ಲಿ ರಾಜ್‌ಕುಮಾರ್ ಹೊತ್ತ 999. ಇನ್ನೊಂದು, 1972ರ ‘ಕುಳ್ಳ ಏಜೆಂಟ್ 000’ದಲ್ಲಿ ದ್ವಾರಕೀಶ್ ತಮಗೆ ತಾವೇ ಕೊಟ್ಟುಕೊಂಡ 000. ಮೊದಲನೆಯದರಲ್ಲಿ ಸಾಹಸವೇ ಊಟ, ನಗು ಉಪ್ಪಿನಕಾಯಿಯಷ್ಟೇ. ಎರಡನೆಯದರಲ್ಲಿ ನಗುವೇ ಮುಂದೆ, ಸಾಹಸ ಅದರ ಬೆನ್ನಿಗೆ. ಗೂಢಚರ್ಯೆ, ಹೊಡೆದಾಟ, ಹಾಸ್ಯ ಈ ಮೂರನ್ನೂ ಒಂದೇ ಚಿತ್ರದಲ್ಲಿ ಹೊಂದಿಸುವ ಕೆಲಸ ಎಲ್ಲಿ ಗೆಲ್ಲುತ್ತದೆ, ಎಲ್ಲಿ ಕೈಕೊಡುತ್ತದೆ ಎಂದು ತಿಳಿಯಬೇಕಾದವರು ಈ ಎರಡು ನಂಬರುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

ನಮ್ಮೂರು ಶಿಡ್ಲಘಟ್ಟದಲ್ಲಿ ನಿಂತು ಇದನ್ನು ನೋಡುವವರಿಗೆ ಒಂದು ಅನುಕೂಲವಿದೆ. ಇಲ್ಲಿನ ಪ್ರೇಕ್ಷಕ ಮೂರು ಭಾಷೆಯವನು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ರೇಷ್ಮೆ ನೂಲು ತೆಗೆಯುವ ಫಿಲೇಚರಿನಲ್ಲಿ ಉರ್ದು. ಸಿನಿಮಾ ನೋಡುವುದರಲ್ಲೂ ಅವನು ಹಾಗೆಯೇ. ‘ಡಾಕ್ಟರ್ ನೋ’ ಮೂಲಕ ಜೇಮ್ಸ್ ಬಾಂಡ್ 1962ರಲ್ಲಿ ತೆರೆಗೆ ಬಂದ. ನಾಲ್ಕೇ ವರ್ಷದಲ್ಲಿ ತೆಲುಗಿನಲ್ಲಿ ಕೃಷ್ಣ ಅವರ ‘ಗೂಢಚಾರಿ 116’ ಬಂತು. ಅದರ ಕಥೆ ಮರುವರ್ಷವೇ ಜಿತೇಂದ್ರ ಅವರ ‘ಫರ್ಜ್’ ಆಗಿ ಹಿಂದಿಗೆ ಹೋಯಿತು. ತೆಲುಗು ಚಿತ್ರಕ್ಕೆ ಕ್ಯಾಮೆರಾ ಹಿಡಿದಿದ್ದ ರವಿಕಾಂತ್ ನಗಾಯಿಚ್ ಅವರೇ ಹಿಂದಿಯದನ್ನು ನಿರ್ದೇಶಿಸಿದರು, ಮುಂದೆ 1979ರ ‘ಸುರಕ್ಷಾ’ದಲ್ಲಿ ಮಿಥುನ್ ಚಕ್ರವರ್ತಿಯವರನ್ನು ಗನ್‌ಮಾಸ್ಟರ್ ಜಿ-9 ಮಾಡಿದವರೂ ಅವರೇ. 1968ರಲ್ಲಿ ಕನ್ನಡಕ್ಕೆ 999 ಬಂದರೆ, ಅದೇ ವರ್ಷ ತಮಿಳಿನಲ್ಲಿ ಬಿ.ಆರ್. ಪಂತುಲು ಅವರು ಎಂ.ಜಿ.ಆರ್. ಅವರಿಗೆ 115ನೇ ನಂಬರು ಕೊಟ್ಟರು. ಇಷ್ಟು ಭಾಷೆಗಳ ಇಷ್ಟು ಗೂಢಚಾರರನ್ನು ಕಂಡ ಊರಿಗೆ, ಯಾರು ಬಾಂಡ್‌ನ ಕೋಟು ಮಾತ್ರ ಎರವಲು ತಂದರು, ಯಾರು ಆ ಕೋಟನ್ನು ತಮ್ಮ ಮೈಗೆ ಹೊಲಿಸಿಕೊಂಡರು ಎಂಬುದು ಬೇಗ ತಿಳಿಯುತ್ತದೆ.

‘ಜೇಡರ ಬಲೆ’ ಹೊಲಿಸಿಕೊಂಡವರ ಸಾಲಿನದು. ದೊರೈ-ಭಗವಾನ್ ಜೋಡಿಯ ನಿರ್ದೇಶನ, ಜಿ.ಕೆ. ವೆಂಕಟೇಶ್ ಸಂಗೀತ, ಜಯಂತಿ ನಾಯಕಿ. ಯಾವುದೇ ಲೋಹವನ್ನು ಚಿನ್ನ ಮಾಡುವ ಸೂತ್ರವೊಂದನ್ನು ವಿಜ್ಞಾನಿ ಕಂಡುಹಿಡಿಯುತ್ತಾನೆ, ಅದಕ್ಕಾಗಿ ದುಷ್ಟರು ಬಲೆ ಬೀಸುತ್ತಾರೆ, ಸಿ.ಐ.ಡಿ. ಪ್ರಕಾಶ್ ಆ ಬಲೆ ಹರಿಯಬೇಕು. ಇಂದಿನವರು ಮಕ್ಕಳ ಕಥೆ ಎಂದು ನಕ್ಕುಬಿಡಬಹುದು. ಆದರೆ 1968 ಎಂಥ ವರ್ಷ ಎಂದು ನೆನೆಯಬೇಕು. ದೇಶದಲ್ಲಿ ಚಿನ್ನದ ನಿಯಂತ್ರಣ ಕಾಯ್ದೆ ಬಂದ ವರ್ಷ ಅದು. ಗಟ್ಟಿ ಚಿನ್ನ ಇಟ್ಟುಕೊಳ್ಳುವಂತಿಲ್ಲ, ಅಕ್ಕಸಾಲಿಗರ ಕೈ ಕಟ್ಟಿತ್ತು, ಕಳ್ಳಸಾಗಣೆ ಕೊಬ್ಬಿತ್ತು. ಆ ಕಾಯ್ದೆ ರದ್ದಾದದ್ದು 1990ರಲ್ಲಿ. ಅದರ ಮೇಲೆ, ಶಿಡ್ಲಘಟ್ಟ ಆಗ ಕೋಲಾರ ಜಿಲ್ಲೆಗೆ ಸೇರಿತ್ತು; ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ತಮ್ಮದೇ ಜಿಲ್ಲೆಯ ಕೆ.ಜಿ.ಎಫ್.ನಲ್ಲಿ ಚಿನ್ನಕ್ಕಾಗಿ ಜನ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯುತ್ತಿದ್ದ ಕಾಲದಲ್ಲಿ, ಕಬ್ಬಿಣವನ್ನೇ ಚಿನ್ನ ಮಾಡುವ ಕಾಗದವೊಂದು ಕಳ್ಳರ ಪಾಲಾದರೆ ಏನಾಗುತ್ತದೆ ಎಂಬುದನ್ನು ಈ ಸೀಮೆಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಭಯ ನಿಜವಾದದ್ದು. ಹಾಗಾಗಿ ನಡುವೆ ಬಂದ ನಗುವೂ ಹಗುರಾಗಲಿಲ್ಲ.

ನನ್ನ ಮಟ್ಟಿಗೆ ಈ ಬಗೆಯ ಚಿತ್ರಗಳ ಗುಟ್ಟು ಇರುವುದೇ ಇಲ್ಲಿ. ಅಪಾಯ ನಮ್ಮ ನೆಲದಲ್ಲಿ ಹುಟ್ಟಿದ್ದಾದರೆ ನಗುವೂ ನಮ್ಮದೇ ಆಗುತ್ತದೆ. ಅಪಾಯವನ್ನು ಆಮದು ಮಾಡಿಕೊಂಡರೆ ನಗುವನ್ನೂ ಆಮದು ಮಾಡಿಕೊಳ್ಳಬೇಕಾಗುತ್ತದೆ, ಅದು ದಾರಿಯಲ್ಲೇ ತಣ್ಣಗಾಗುತ್ತದೆ.

ದೊರೈ-ಭಗವಾನ್ ಇದನ್ನು ಮತ್ತೊಮ್ಮೆ ಸಾಧಿಸಿದರು. ಅದೇ 1968ರಲ್ಲಿ ಬಂದ ‘ಗೋವಾದಲ್ಲಿ ಸಿ.ಐ.ಡಿ. 999’ಗೆ ಗೋವಾವನ್ನೇ ಆರಿಸಿಕೊಂಡದ್ದು ಜಾಣತನ. ಗೋವಾ ಪೋರ್ಚುಗೀಸರಿಂದ ಬಿಡುಗಡೆಯಾಗಿ ಏಳು ವರ್ಷವೂ ತುಂಬಿರಲಿಲ್ಲ. ಕಾರವಾರದ ಆಚೆ ದಡದಲ್ಲೇ ಇದ್ದರೂ ಕನ್ನಡಿಗನ ಕಣ್ಣಿಗೆ ಅದಿನ್ನೂ ಪರದೇಶವೇ. ವಿಮಾನದ ಟಿಕೆಟ್ಟಿಗೆ ದುಡ್ಡು ಸುರಿಯದೆ, ಗಡಿಯಾಚೆಯ ಊರನ್ನೇ ವಿದೇಶ ಮಾಡಿದ ಚಿತ್ರ ಅದು. ನಟಿ ಲಕ್ಷ್ಮಿ ಕನ್ನಡಕ್ಕೆ ಬಂದದ್ದು ಇದರಿಂದಲೇ. ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’ ಬಂತು. ಮುಂದೆ ಹಿಂದಿಯಲ್ಲಿ ದೊಡ್ಡ ಹೆಸರು ಮಾಡಿದ ರೇಖಾ ನಾಯಕಿಯಾದ ಮೊದಲ ಚಿತ್ರ ಅದು, ಆಗಿನ್ನೂ ಹದಿಹರೆಯ.

ಇನ್ನೊಂದು ಸಂಗತಿಯೂ ಇಲ್ಲಿ ಸೇರುತ್ತದೆ. ದೇಶದ ಹೊರಗಣ ಬೇಹುಗಾರಿಕೆಗೆಂದು ‘ರಾ’ ಸಂಸ್ಥೆ ಹುಟ್ಟಿದ್ದು 1968ರ ಸೆಪ್ಟೆಂಬರಿನಲ್ಲಿ. ‘ಜೇಡರ ಬಲೆ’ಯ ಕಥೆ ಬರೆಯುವ ಹೊತ್ತಿಗೆ ಗೂಢಚಾರನನ್ನು ಯಾವ ಇಲಾಖೆಗೆ ಸೇರಿಸಬೇಕೆಂಬುದಕ್ಕೆ ಜನ ಬಲ್ಲ ಹೆಸರೇ ಇರಲಿಲ್ಲ. ಹಾಗಾಗಿ ಅವನು ಪೊಲೀಸ್ ಇಲಾಖೆಯ ಸಿ.ಐ.ಡಿ. ಆದ. ಇದರಿಂದ ಲಾಭವೇ ಆಯಿತು. ಬಾಂಡ್ ಸಾಮ್ರಾಜ್ಯ ಕಳೆದುಕೊಂಡ ದೇಶದ ದೊಡ್ಡಸ್ತಿಕೆಯನ್ನು ತೆರೆಯ ಮೇಲೆ ಉಳಿಸಲು ಹೊರಟವನು. ನಮ್ಮ ಪ್ರಕಾಶ್ ಸರಕಾರಿ ನೌಕರ, ಕಳ್ಳನನ್ನು ಹಿಡಿಯುವವನು. ಮಾರ್ಟಿನಿ, ಜೂಜು, ದಿನಕ್ಕೊಬ್ಬ ಗೆಳತಿ ಇವೆಲ್ಲ ರಾಜ್‌ಕುಮಾರ್ ಅವರಿಗೆ ಒಗ್ಗುವಂಥವೂ ಅಲ್ಲ. ಅವನ್ನೆಲ್ಲ ಕಳೆದ ಮೇಲೆ ಬಾಂಡ್‌ನಲ್ಲಿ ಉಳಿಯುವುದೇನು? ನಡಿಗೆ, ಎದೆಗಾರಿಕೆ, ಎದುರಾಳಿಯನ್ನು ಒಂದು ಕ್ಷಣ ತಬ್ಬಿಬ್ಬು ಮಾಡುವ ಮಾತು. ಅದಕ್ಕೆ ರಾಜ್ ಸಾಕಾದರು. ಅದೇ ವರ್ಷ ‘ಮಣ್ಣಿನ ಮಗ’ದಲ್ಲಿ ರೈತನಾಗಿದ್ದವರು ಇಲ್ಲಿ ಸೂಟು ತೊಟ್ಟು ಪಿಸ್ತೂಲು ಹಿಡಿದರೆ ಜನ ಎರಡನ್ನೂ ನಂಬಿದರು.

ಈಗ ಕೊರತೆಗಳ ಮಾತು. ಆ ಕಾಲದ ಕನ್ನಡ ಚಿತ್ರಗಳಲ್ಲಿ ನಗುವಿಗೆ ಬೇರೆ ಕೋಣೆ ಇತ್ತು. ನಾಯಕ ಗಂಭೀರ, ನಗಿಸಲು ನರಸಿಂಹರಾಜು ಅವರಂಥ ದೊಡ್ಡ ಕಲಾವಿದರಿಗೆ ಬೇರೆಯದೇ ದೃಶ್ಯ, ಬೇರೆಯದೇ ಉಪಕಥೆ. ಗೂಢಚಾರ ಚಿತ್ರಕ್ಕೆ ಈ ಏರ್ಪಾಡು ಒಗ್ಗುವುದಿಲ್ಲ. ಇದು ಏಕೆಂದು ತಿಳಿಯಲು ನಮ್ಮೂರಿನ ರೇಷ್ಮೆ ನೂಲು ಬಿಚ್ಚಾಣಿಕೆ ನೋಡಿದರೆ ಸಾಕು. ಒಂದೇ ಗೂಡಿನ ಎಳೆಯಿಂದ ನೂಲಾಗುವುದಿಲ್ಲ, ಬಿಸಿನೀರಿನಲ್ಲಿರುವ ಹಲವು ಗೂಡುಗಳ ಎಳೆ ಒಟ್ಟಾಗಿ ಏಳಬೇಕು. ಒಂದು ಎಳೆ ಕಡಿದ ಕ್ಷಣವೇ ಇನ್ನೊಂದನ್ನು ಕೊಡದಿದ್ದರೆ ನೂಲು ಆ ಜಾಗದಲ್ಲಿ ಸಣಕಲಾಗುತ್ತದೆ, ರಾಟೆಗೆ ಹೋದ ಮೇಲೆ ತಿದ್ದಲಾಗದು. ಭಯದ ಎಳೆ, ಹೊಡೆದಾಟದ ಎಳೆ, ನಗುವಿನ ಎಳೆ ಒಂದೇ ದೃಶ್ಯದೊಳಗೆ ಏಕಕಾಲಕ್ಕೆ ಓಡಬೇಕು. ಹತ್ತು ನಿಮಿಷ ಭಯ, ಆಮೇಲೆ ಹತ್ತು ನಿಮಿಷ ಹಾಸ್ಯ ಎಂದು ಪಾಳಿ ಹಚ್ಚಿದರೆ, ಹಾಸ್ಯ ಬಂದಾಗ ಪ್ರೇಕ್ಷಕ ಕಾಫಿಗೆ ಏಳುತ್ತಾನೆ, ಭಯ ಬಂದಾಗ ಅವನಿಗೆ ಹಿಂದಿನದು ನೆನಪಿರುವುದಿಲ್ಲ.

ಎರಡನೆಯ ಕೊರತೆ ಹೆಣ್ಣುಪಾತ್ರಗಳದು, ನನಗೆ ಇದು ಹೆಚ್ಚು ನೋವಿನ ಸಂಗತಿ. ಜಯಂತಿ, ಲಕ್ಷ್ಮಿ, ರೇಖಾ ಸಾಮಾನ್ಯ ನಟಿಯರಲ್ಲ. ಆದರೆ ಈ ಬಗೆಯ ಚಿತ್ರಗಳಲ್ಲಿ ಹೆಣ್ಣಿಗಿದ್ದುದು ಎರಡೇ ಕೆಲಸ: ಒಂದೋ ವೈರಿಯ ಬಲೆಗೆ ಸಿಕ್ಕುವುದು, ಇಲ್ಲವೇ ವೈರಿಯ ಬಲೆಯೇ ಆಗುವುದು. ನಡುವೆ ಒಂದು ಕ್ಯಾಬರೆ. ಆ ಹಾಡುಗಳಲ್ಲಿ ಜಿ.ಕೆ. ವೆಂಕಟೇಶ್ ಅವರ ವಾದ್ಯಮೇಳದ ಚುರುಕು ಇಂದಿಗೂ ಹೊಸತಾಗಿಯೇ ಕೇಳುತ್ತದೆ, ಅದನ್ನು ಒಪ್ಪಲೇಬೇಕು. ಆದರೆ ಹಾಡು ಮುಗಿಯುವವರೆಗೆ ಕಥೆ ಬಾಗಿಲಾಚೆ ಕಾಯುತ್ತಾ ನಿಂತಿರುತ್ತದೆ. ಜಯಂತಿಯವರ ಕಣ್ಣಿನಲ್ಲಿದ್ದ ತುಂಟತನ, ಗತ್ತು ಎರಡನ್ನೂ ಬಲ್ಲವರಿಗೆ, ಅವರ ಕೈಗೇ ಒಂದು ನಂಬರು ಕೊಟ್ಟಿದ್ದರೆ ಎನಿಸದೆ ಇರದು.

ಇನ್ನು 000. ದ್ವಾರಕೀಶ್ ಹುಣಸೂರಿನವರು. ಎತ್ತರ ಕಡಿಮೆ, ಕಣ್ಣು ಚುರುಕು, ಮಾತು ಇನ್ನೂ ಚುರುಕು. ಅಂಥವರಿಗೆ ನಾಯಕನ ಪಾತ್ರ ಕೊಡುವ ನಿರ್ಮಾಪಕರು ಆಗ ಇರಲಿಲ್ಲ, ಹಾಗಾಗಿ ಅವರೇ ನಿರ್ಮಾಪಕರಾದರು. 1969ರಲ್ಲಿ ರಾಜ್‌ಕುಮಾರ್ ನಾಯಕರಾದ ‘ಮೇಯರ್ ಮುತ್ತಣ್ಣ’ ತೆಗೆದು ಗೆದ್ದರು. ಮೂರು ವರ್ಷದ ನಂತರ ಕೆ.ಎಸ್.ಎಲ್. ಸ್ವಾಮಿ ಅವರ ನಿರ್ದೇಶನದಲ್ಲಿ ‘ಕುಳ್ಳ ಏಜೆಂಟ್ 000’. ಪ್ರತಿಯೊಂದು ಭಾಷೆಯೂ ತನ್ನ ಅತಿ ಸುಂದರ, ಅತಿ ಎತ್ತರದ ನಟನನ್ನು ಗೂಢಚಾರನನ್ನಾಗಿ ಮಾಡುತ್ತಿದ್ದ ಕಾಲದಲ್ಲಿ, ಕನ್ನಡ ತನ್ನ ಹಾಸ್ಯನಟನ ಕೈಗೆ ಪಿಸ್ತೂಲು ಕೊಟ್ಟಿತು. ಈ ಆಯ್ಕೆಯೇ ಅರ್ಧ ಗೆಲುವು. ಯೋಚಿಸಿ ನೋಡಿ, ನಿಜವಾದ ಬೇಹುಗಾರ ಎದ್ದು ಕಾಣಬಾರದು. ಬಾಂಡ್ ಕೋಣೆಗೆ ಬಂದರೆ ಎಲ್ಲರ ಕತ್ತೂ ತಿರುಗುತ್ತದೆ. ಯಾರೂ ಲೆಕ್ಕಕ್ಕೆ ಹಿಡಿಯದ ಕುಳ್ಳನೇ ಆ ಕೆಲಸಕ್ಕೆ ತಕ್ಕವನು. ಹಾಸ್ಯಕ್ಕೆಂದು ಮಾಡಿದ ಆಯ್ಕೆ ಗೂಢಚರ್ಯೆಯ ತರ್ಕಕ್ಕೂ ಸರಿಹೊಂದಿತು. ಹೀಗೆ ಎರಡು ಎಳೆ ಒಂದಾಗುವುದು ಅಪರೂಪ.

ಆ ಚಿತ್ರದ ಸಂಗೀತ ರಾಜನ್-ನಾಗೇಂದ್ರ ಅವರದು. ಕಿಶೋರ್ ಕುಮಾರ್ ಕನ್ನಡದಲ್ಲಿ ಹಾಡಿದ ಒಂದೇ ಒಂದು ಹಾಡು ಇರುವುದು ಇದರಲ್ಲಿ. ಇದನ್ನು ಬರಿಯ ಹೆಗ್ಗಳಿಕೆಯಾಗಿ ಹೇಳಿ ಮುಂದೆ ಹೋಗಬಾರದು. ಆಗ ಕನ್ನಡದ ನಾಯಕರಿಗೆ ದನಿಯಾಗಿದ್ದವರು ಪಿ.ಬಿ. ಶ್ರೀನಿವಾಸ್. ಅವರ ದನಿಯ ಮಾರ್ದವಕ್ಕೆ ಸಾಟಿಯಿಲ್ಲ, ಆದರೆ ಅದು ತುಂಟನ ದನಿಯಲ್ಲ. ಕಿಶೋರ್ ಅವರದು ಹಾಡುತ್ತಲೇ ನಟಿಸುವ ಗಂಟಲು. ಗತ್ತು, ಗೇಲಿ ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. ಸಾಹಸ ಮತ್ತು ಹಾಸ್ಯ ಬೆರೆಯಬೇಕಾದ ಚಿತ್ರಕ್ಕೆ ಅಂಥ ದನಿಯೇ ಬೇಕೆಂದು ಬೊಂಬಾಯಿವರೆಗೆ ಹೋದ ದ್ವಾರಕೀಶ್ ಅವರ ಕಿವಿಯನ್ನು ಮೆಚ್ಚಬೇಕು.

ಹಾಗಾದರೆ 000 ಎಲ್ಲಿ ಸೋತಿತು? ಎತ್ತರವನ್ನೇ ಬಂಡವಾಳ ಮಾಡಿಕೊಂಡದ್ದರಲ್ಲಿ. ಕುಳ್ಳ ಏಜೆಂಟ್, ಸಿಂಗಾಪುರದಲ್ಲಿ ರಾಜಾ ಕುಳ್ಳ, ಕುಳ್ಳ ಕುಳ್ಳಿ, ಪ್ರಚಂಡ ಕುಳ್ಳ ಎಂದು ಮುಂದಿನ ವರ್ಷಗಳ ಶೀರ್ಷಿಕೆಗಳೂ ಅದನ್ನೇ ಹೊತ್ತು ಬಂದವು. ಕುಳ್ಳ ಎಂದು ಕರೆದು ಒಮ್ಮೆ ನಗಿಸಬಹುದು, ಎರಡು ಸಲ ನಗಿಸಬಹುದು. ಹತ್ತನೆಯ ಸಲ ಅದೇ ನಗೆ ಬಂದಾಗ ಅದು ಪಾತ್ರದ ಮೇಲಿನ ನಗೆಯಾಗಿ ಉಳಿಯುವುದಿಲ್ಲ, ದೇಹದ ಮೇಲಿನ ನಗೆಯಾಗುತ್ತದೆ. ದ್ವಾರಕೀಶ್ ಅವರ ಪ್ರತಿಭೆ ಅದಕ್ಕಿಂತ ಬಹಳ ದೊಡ್ಡದಿತ್ತು. ಇನ್ನೊಂದು ತೊಡಕು ಆ ಕಾಲದ ಕಟ್ಟುಪಾಡಿನದು. ನಾಯಕನೆಂದ ಮೇಲೆ ಕೊನೆಗೆ ಹೊಡೆದೇ ಗೆಲ್ಲಬೇಕು. ಬುದ್ಧಿಯಿಂದ ಗೆಲ್ಲಬೇಕಾದ ಪಾತ್ರವನ್ನು ತೋಳ್ಬಲದಿಂದ ಗೆಲ್ಲಿಸಿದ ಕೂಡಲೇ ಅವನೂ ಎಲ್ಲರಂಥ ನಾಯಕನಾದ.

1978 ಈ ಎರಡೂ ದಾರಿಗಳು ದೇಶದ ಗಡಿ ದಾಟಿದ ವರ್ಷ. ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ 999 ನೇಪಾಳಕ್ಕೆ ಹೋದ. ‘ಸಿಂಗಾಪುರದಲ್ಲಿ ರಾಜಾ ಕುಳ್ಳ’ದಲ್ಲಿ ದ್ವಾರಕೀಶ್ ಅವರು ವಿಷ್ಣುವರ್ಧನ್ ಜತೆ ಸಿಂಗಾಪುರಕ್ಕೆ ಹೋದರು. ಎರಡನೆಯದು ಗೂಢಚಾರ ಚಿತ್ರವಲ್ಲ, ಸಾಹಸ-ಹಾಸ್ಯ. ಜನ ಮುಗಿಬಿದ್ದು ನೋಡಿದರು, ಸಿಂಗಾಪುರ ನೋಡಲಿಕ್ಕೇ ನೋಡಿದವರೂ ಇದ್ದರು. ಅಲ್ಲಿಂದಾಚೆಗೆ ವಿದೇಶವೆಂಬುದು ಕಥೆಗೆ ಬೇಕಾದ ಜಾಗವಾಗಿರುವುದರ ಬದಲು ಪ್ರವಾಸದ ಆಲ್ಬಮ್ ಆಗುವ ಚಾಳಿ ಶುರುವಾಯಿತು. ಗೋವಾವನ್ನು ಪರದೇಶ ಮಾಡಿದ ಜಾಣತನ ಹಿಂದೆ ಬಿತ್ತು.

ಆದರೆ ನೇಪಾಳದ ಆ ಚಿತ್ರದಲ್ಲಿ ಒಂದು ವಿಶೇಷವಿದೆ. 1974ರ ‘ಸಂಪತ್ತಿಗೆ ಸವಾಲ್’ ನಂತರ ರಾಜ್‌ಕುಮಾರ್ ತಮ್ಮ ಹಾಡುಗಳನ್ನು ತಾವೇ ಹಾಡುತ್ತಿದ್ದರು. ಇಲ್ಲಿ ಅವರು ಒಂದು ಇಡೀ ಹಾಡನ್ನು ಇಂಗ್ಲಿಷಿನಲ್ಲಿ ಹಾಡಿದರು. ಗಾಜನೂರಿನ ನಾಲಗೆ, ರಂಗಭೂಮಿಯ ಗಂಟಲು, ಪರಂಗಿ ಭಾಷೆಯ ಹಾಡು. ಇಂದಿನ ಹುಡುಗರೂ ಅದನ್ನು ಮೊಬೈಲಿನಲ್ಲಿ ಹಂಚಿಕೊಂಡು ಖುಷಿಪಡುತ್ತಾರೆ. ಅಣ್ಣಾವ್ರ ಮೇಲಿನ ಪ್ರೀತಿಯಷ್ಟೇ ಇದಕ್ಕೆ ಕಾರಣವಲ್ಲ. ಆ ಹಾಡಿನಲ್ಲಿ ಅವರು ಸಂಕೋಚವಿಲ್ಲದೆ, ಪೂರ್ತಿ ನಂಬಿಕೆಯಿಂದ ಹಾಡುತ್ತಾರೆ. ಇಂಥ ಚಿತ್ರದಲ್ಲಿ ನಟ ತಾನೇ ನಗಬಾರದು, ತಾನು ಮಾಡುತ್ತಿರುವುದು ತಮಾಷೆ ಎಂದು ಕಣ್ಣು ಹೊಡೆಯಬಾರದು. ಅವನಿಗೆ ಅದು ಪ್ರಾಣದ ಪ್ರಶ್ನೆ, ನಮಗೆ ನಗೆ. ರಾಜ್ ಅವರ ಆ ನಾಲ್ಕು ನಿಮಿಷದಲ್ಲಿ ಇದು ಸಾಧ್ಯವಾಯಿತು.

ಹೊರಗಿನವರೂ ಇದರಲ್ಲಿ ಎಡವಿದ್ದಾರೆ. 1967ರಲ್ಲಿ ಬಾಂಡ್‌ನನ್ನೇ ಗೇಲಿ ಮಾಡಲು ಹೊರಟ ‘ಕ್ಯಾಸಿನೊ ರಾಯಲ್’ಗೆ ಐವರು ನಿರ್ದೇಶಕರು, ಡೇವಿಡ್ ನಿವೆನ್, ಪೀಟರ್ ಸೆಲ್ಲರ್ಸ್‌ರಂಥ ತಾರೆಯರು. ಎಲ್ಲರೂ ನಗಿಸಲು ನಿಂತರು, ಹೆದರುವವರು ಯಾರೂ ಇರಲಿಲ್ಲ, ಚಿತ್ರ ದಿಕ್ಕೆಟ್ಟಿತು. ಅದಕ್ಕೆ ಎದುರಾಗಿ 2015ರಲ್ಲಿ ಪಾಲ್ ಫೀಗ್ ಮಾಡಿದ ‘ಸ್ಪೈ’ ಇದೆ. ಕಚೇರಿಯಲ್ಲಿ ಕುಳಿತು, ಹೊರಗಿರುವ ಸುಂದರ ಗೂಢಚಾರನಿಗೆ ಕಿವಿಯಲ್ಲಿ ದಾರಿ ಹೇಳುವ ಮಹಿಳೆ ಮೆಲಿಸ್ಸಾ ಮೆಕಾರ್ಥಿ. ಅವನ ಗೆಲುವೆಲ್ಲ ಇವಳ ಬುದ್ಧಿಯದು. ಅವಳೇ ಮೈದಾನಕ್ಕಿಳಿದಾಗ ಚಿತ್ರ ಅವಳ ದಪ್ಪ ಮೈಯನ್ನು ನಗೆಗೆ ಗುರಿ ಮಾಡುವುದಿಲ್ಲ. ಅವಳನ್ನು ಕಡಿಮೆ ಎಣಿಸಿ ಪೆದ್ದುಪೆದ್ದಾದ ವೇಷ ಕೊಡುವ ಕಚೇರಿಯವರು ನಗೆಗೀಡಾಗುತ್ತಾರೆ. ನಮ್ಮ 000ಗೆ ಸಿಗಬೇಕಿದ್ದ ನ್ಯಾಯ ಅದು. (ಆ ಚಿತ್ರದ ಬೈಗುಳಗಳ ಸುರಿಮಳೆಯನ್ನು ಅರ್ಧ ಕಡಿಮೆ ಮಾಡಿದ್ದರೂ ಏನೂ ನಷ್ಟವಿರಲಿಲ್ಲ.)

ಕನ್ನಡದಲ್ಲಿ ಈ ಪಾಠ ಕಲಿತಂತೆ ಕಂಡದ್ದು 2019ರ ‘ಬೆಲ್ ಬಾಟಂ’. ಜಯತೀರ್ಥ ನಿರ್ದೇಶನ, ರಿಷಬ್ ಶೆಟ್ಟಿ ನಾಯಕ. (ಇದೇ ಹೆಸರಿನಲ್ಲಿ 2021ರಲ್ಲಿ ಅಕ್ಷಯ್ ಕುಮಾರ್ ಮಾಡಿದ ಹಿಂದಿ ಚಿತ್ರ ಬೇರೆ, ಅದು ‘ರಾ’ ಗೂಢಚಾರನ ಕಥೆ.) ಕನ್ನಡದ್ದು ಪತ್ತೇದಾರನದು. ಆದರೂ ಅದರ ಬೇರು 999ರ ಕಾಲದ್ದೇ. ಪತ್ತೇದಾರ ಪುರುಷೋತ್ತಮನನ್ನು ಸೃಷ್ಟಿಸಿ 500ಕ್ಕೂ ಹೆಚ್ಚು ಕಾದಂಬರಿ ಬರೆದ ಎನ್. ನರಸಿಂಹಯ್ಯ ಅವರನ್ನು ಓದಿ ಬೆಳೆದ ತಲೆಮಾರಿನ ಕನಸು ಅದರ ನಾಯಕ ದಿವಾಕರನದು. ಅಪ್ಪನ ಹಠಕ್ಕೆ ಕಾನ್‌ಸ್ಟೇಬಲ್ ಆಗುತ್ತಾನೆ. ಪೊಲೀಸ್ ಠಾಣೆಗಳಲ್ಲಿ ಬೀಗ ಹಾಕಿಟ್ಟ ಹಣವೇ ಕಳುವಾಗತೊಡಗುತ್ತದೆ. ಈ ಒಂದು ಕಲ್ಪನೆಯಲ್ಲಿ ಎಷ್ಟು ಕೆಲಸವಾಗಿದೆ ನೋಡಿ. ಠಾಣೆಯಲ್ಲೇ ಕಳ್ಳತನ ಎಂದಾಗ ನಗು ಬರುತ್ತದೆ, ಹೊಣೆ ಹೊತ್ತ ಪೊಲೀಸರ ಮುಖ ನೆನೆದಾಗ ಕೆಲಸ ಹೋದೀತೆಂಬ ದಿಗಿಲು ಬರುತ್ತದೆ. ಎರಡೂ ಒಂದೇ ಘಟನೆಯ ಮಕ್ಕಳು. ಹಾಸ್ಯಕ್ಕೆ ಬೇರೆ ಕೋಣೆ ಬೇಕಾಗಿಲ್ಲ. ಹರಿಪ್ರಿಯಾ ಅವರ ಕುಸುಮಾಳಿಗೂ ಕಳ್ಳಬಟ್ಟಿ ಮಾರುವ ತನ್ನದೇ ಕಸುಬಿದೆ, ಪ್ರೀತಿ ಆ ಕಸುಬಿನ ಜಗಳದಿಂದಲೇ ಹುಟ್ಟುತ್ತದೆ.

ದ್ವಿತೀಯಾರ್ಧದಲ್ಲಿ ಮಾತ್ರ ಕಟ್ಟು ಸಡಿಲವಾಗುತ್ತದೆ. ಪ್ರೇಕ್ಷಕನೇ ಸುಳಿವು ಕೂಡಿಸಿ ನೋಡಲು ಬಿಡದೆ, ಗುಟ್ಟನ್ನು ಬಾಯಿಯಲ್ಲೇ ವಿವರಿಸಿ ಹೇಳುವ ಆತುರ. ಪತ್ತೇದಾರಿಯಲ್ಲಿ ಇದು ಸಣ್ಣ ತಪ್ಪಲ್ಲ. ಕಳ್ಳನನ್ನು ನಾವು ಹಿಡಿಯಬೇಕು, ನಾಯಕ ನಮಗಿಂತ ಅರೆಗಳಿಗೆ ಮುಂದಿರಬೇಕು, ಅಷ್ಟೇ. ಹಾಗಿದ್ದೂ ಈ ಪಟ್ಟಿಯಲ್ಲಿ ನಾನು ಎರಡು ಸಲ ನೋಡೆಂದು ಹೇಳುವ ಚಿತ್ರ ಇದೇ.

ನಮ್ಮ ಸೀಮೆಯಿಂದ ನೋಡುವಾಗ ಇನ್ನೊಂದು ಕೊರತೆ ಕಣ್ಣಿಗೆ ಬೀಳುತ್ತದೆ, ಅದು ಕನ್ನಡದ ಬಹುಪಾಲು ಗೂಢಚಾರ ಚಿತ್ರಗಳದು. ಅವುಗಳಲ್ಲಿ ಎಲ್ಲರೂ ಒಂದೇ ಕನ್ನಡ ಮಾತಾಡುತ್ತಾರೆ. ಗೋವಾದ ಖಳ, ಬೊಂಬಾಯಿಯ ಕಳ್ಳಸಾಗಣೆದಾರ, ಬೆಂಗಳೂರಿನ ಸಿ.ಐ.ಡಿ. ಎಲ್ಲರದೂ ಪುಸ್ತಕದ ಮಾತು. ಗೂಢಚಾರನ ಮೊದಲ ವೇಷ ಗಡ್ಡ, ಮೀಸೆಯಲ್ಲ, ಭಾಷೆ. ಶಿಡ್ಲಘಟ್ಟದ ಗೂಡು ಮಾರುಕಟ್ಟೆಯಲ್ಲಿ, ರಾಮನಗರವನ್ನು ಬಿಟ್ಟರೆ ರಾಜ್ಯದಲ್ಲೇ ದೊಡ್ಡದಾದ ಆ ಮಾರುಕಟ್ಟೆಯಲ್ಲಿ, ರೈತ ತನ್ನೂರಿನವನೊಡನೆ ತೆಲುಗಾಡಿ, ಅಧಿಕಾರಿಯೊಡನೆ ಕನ್ನಡವಾಡಿ, ಗೂಡು ಕೊಳ್ಳುವ ರೀಲರ್ ಜತೆ ಉರ್ದುವಿನಲ್ಲಿ ಮಾತಿಗಿಳಿಯುತ್ತಾನೆ. ಎದುರಿನವನಿಗೆ ತನ್ನ ಭಾಷೆ ಅರ್ಥವಾಗದೆಂದು ನಂಬಿ ಗುಟ್ಟು ಬಿಟ್ಟುಕೊಡುವವರೂ ಇರುತ್ತಾರೆ. ಅಪಾಯ ಮತ್ತು ನಗು ಒಟ್ಟಿಗೇ ಹುಟ್ಟುವ ಜಾಗ ಇದಕ್ಕಿಂತ ಬೇರೆ ಬೇಕೆ?

ಕಥೆಗೂ ಬರವಿಲ್ಲ. ಜಗತ್ತಿನ ಹಳೆಯ ಕೈಗಾರಿಕಾ ಗೂಢಚರ್ಯೆಯ ಕಥೆಗಳಲ್ಲಿ ಒಂದು ರೇಷ್ಮೆಯದೇ. 6ನೇ ಶತಮಾನದಲ್ಲಿ ಜಸ್ಟಿನಿಯನ್ ಚಕ್ರವರ್ತಿಗಾಗಿ ಸನ್ಯಾಸಿಗಳು ಪೂರ್ವದೇಶದಿಂದ ರೇಷ್ಮೆಹುಳುವಿನ ಮೊಟ್ಟೆಗಳನ್ನು ಕದ್ದು ಕಾನ್‌ಸ್ಟಾಂಟಿನೋಪಲ್‌ಗೆ ತಂದರು; ಟೊಳ್ಳು ಕೋಲಿನೊಳಗೆ ಅಡಗಿಸಿ ತಂದರೆಂದು ಪ್ರತೀತಿ. ದಾರಿಯಲ್ಲಿ ಮೊಟ್ಟೆ ಒಡೆದು ಹುಳು ಹೊರಬಂದರೆ ಹಿಪ್ಪುನೇರಳೆ ಸೊಪ್ಪಿಗೆ ಎಲ್ಲಿಗೆ ಹೋಗುವುದೆಂಬ ಸನ್ಯಾಸಿಗಳ ದಿಗಿಲನ್ನು, ಹುಳು ಸಾಕಿದ ಯಾವ ಮನೆಯವರಾದರೂ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾ ಹೇಳಬಲ್ಲರು. ಹೊಸ ಕಾಲದ ಅಪಾಯವೂ ಇದೆ. 2011ರ ಕೇಂದ್ರ ಬಜೆಟ್ಟು ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದಾಗ ಗೂಡಿನ ಬೆಲೆ ಕುಸಿದು, ಬೆಳೆಗಾರರು ಬೀದಿಗಿಳಿದರು. ಚೀನಾದ ನೂಲು ಎಂದರೆ ಇಲ್ಲಿ ಅದು ಖಳನಾಯಕನ ಗುಹೆಯ ಮಾತಲ್ಲ, ಮನೆಯ ಸಾಲದ ಮಾತು.

1968ರಲ್ಲಿ ಚಿನ್ನಕ್ಕಿದ್ದ ಬಿಸಿ ಇಂದು ಈ ಸೀಮೆಯಲ್ಲಿ ನೂಲಿಗಿದೆ. ದೊರೈ-ಭಗವಾನ್ ಅವರ ಕಣ್ಣಿರುವ ಹೊಸಬರು ಯಾರಾದರೂ ಇಲ್ಲಿಗೆ ಬರಲಿ. ಏಜೆಂಟ್ ಹೆಣ್ಣಾಗಿರಲಿ, ಎತ್ತರ ಎಷ್ಟೇ ಇರಲಿ, ಅವಳಿಗೆ ಮೂರು ಭಾಷೆ ಬರುತ್ತಿರಲಿ, ಗೂಡನ್ನು ಕಿವಿಯ ಬಳಿ ಅಲ್ಲಾಡಿಸಿ ಒಳಗಿನ ಹುಳು ಗಟ್ಟಿಯೇ ಜೊಳ್ಳೇ ಎಂದು ಹೇಳುವ ಕಸುಬು ಗೊತ್ತಿರಲಿ. ಕಳ್ಳನೂಲು ಸಾಗಿಸುವವರು ಅವಳನ್ನು ಕೂಲಿಯವಳೆಂದುಕೊಂಡು ಅವಳ ಎದುರಿಗೇ ಲಾರಿಯ ನಂಬರು ಹೇಳಿಬಿಡುತ್ತಾರೆ. ಮೊದಲ ದೃಶ್ಯ ಅಲ್ಲಿಂದ ಶುರುವಾಗಬಹುದು.